ಭೋರ್‌ನ ನೀರಿಗೆ ಕಾಲುವೆ ಇದೆ, ಜನರಿಗೆ ಬಸ್ ಬೇಕು

ಪುಣೆ ಬಿಟ್ಟು ಬೆಂಗಳೂರು ಹೆದ್ದಾರಿ ಹಿಡಿದರೆ ಕಾತ್ರಜ್ ಘಾಟ್ ಇಳಿದ ಸ್ವಲ್ಪ ಹೊತ್ತಿಗೆ ಕಾಪೂರ್‌ಹೋಳ್ ಬರುತ್ತದೆ. ಬೆಳಗಾವಿ, ಹುಬ್ಬಳ್ಳಿ ಕಡೆಯ ಬಸ್ಸುಗಳು ನೇರ ದಕ್ಷಿಣಕ್ಕೆ ಓಡುತ್ತವೆ. ಅಲ್ಲಿಂದ ಬಲಕ್ಕೆ ತಿರುಗಿದ ರಸ್ತೆ ಸಹ್ಯಾದ್ರಿಯ ಬುಡದ ಭೋರ್ ತಾಲ್ಲೂಕಿಗೆ ಹೋಗುತ್ತದೆ. ಒಂದು ಕಾಲಕ್ಕೆ ಪಂತ ಸಚಿವ ಮನೆತನದ ಸಂಸ್ಥಾನವಾಗಿದ್ದ ಈ ಪಟ್ಟಣಕ್ಕೆ ಇವತ್ತಿಗೂ ರೈಲು ಬಂದಿಲ್ಲ. ಪೂರ್ವಕ್ಕೆ ಪುಣೆ–ಮೀರಜ್ ಮಾರ್ಗ ನೀರಾ, ಲೋಣಂದ್ ಹಾದು ಹೋಗುತ್ತದೆ. ಪಶ್ಚಿಮಕ್ಕೆ ಘಟ್ಟದ ಕೆಳಗೆ ಕೊಂಕಣ ರೈಲ್ವೆ ಇದೆ. ಮಹಾಡ್‌ಗೆ ಇಳಿಯುವ ವರಂಧಾ ಘಾಟ್ ಮಳೆಗಾಲದಲ್ಲಿ ಪದೇ ಪದೇ ಮುಚ್ಚುತ್ತದೆ. ಎರಡು ಹಳಿಗಳ ನಡುವೆ ಇರುವ ಈ ಸೀಮೆಗೆ ಸರ್ಕಾರಿ ಸಾರಿಗೆ ಎಂದರೆ ಮುಖ್ಯವಾಗಿ ಎಸ್‌ಟಿ, ಅಂದರೆ ಮಹಾರಾಷ್ಟ್ರ ರಾಜ್ಯ ಸಾರಿಗೆಯ ಬಸ್.

ಹಾಗೆಂದು ಭೋರ್ ಯಾರಿಗೂ ಬೇಡವಾದ ಸೀಮೆಯಲ್ಲ. 1928ರಲ್ಲಿ ಮುಗಿದ ಭಾಟಘರ್‌ನ ಲಾಯ್ಡ್ ಅಣೆಕಟ್ಟು ಇಲ್ಲಿಯೇ ಇದೆ, ನೀರಾ ದೇವಘರ್ ಅಣೆಕಟ್ಟೂ ಇಲ್ಲಿಯೇ. ಈ ನೀರು ನೀರಾ ಎಡದಂಡೆ ಕಾಲುವೆಯಲ್ಲಿ ಬಾರಾಮತಿ, ಇಂದಾಪುರದ ಕಬ್ಬಿಗೆ ಹರಿಯುತ್ತದೆ, ಬಲದಂಡೆಯಲ್ಲಿ ಫಲಟಣ್ ಕಡೆಗೆ. ಬಾರಾಮತಿಗೆ ರೈಲಿದೆ. ಫಲಟಣ್‌ಗೂ 2021ರ ಮಾರ್ಚ್‌ನಿಂದ ಪುಣೆಯ ರೈಲು ಓಡುತ್ತಿದೆ. ಆ ಊರುಗಳಿಗೆ ಅದು ಸಿಕ್ಕಿದ್ದು ಸಂತೋಷವೇ. ಆದರೆ ಹೊಲ, ಮನೆ ಮುಳುಗಿಸಿಕೊಂಡು ನೀರು ಕೊಟ್ಟವರು ಹಿನ್ನೀರಿನ ಅಂಚಿನಲ್ಲಿ ಗುಡ್ಡ ಸುತ್ತಿಕೊಂಡು ತಾಲ್ಲೂಕು ಕಚೇರಿಗೆ ಬರಬೇಕು ಎಂದಾದರೆ, ಅವರಿಗೆ ಬಸ್ ಕೊಡುವುದು ಸರ್ಕಾರ ತೀರಿಸಬೇಕಾದ ಋಣ.

ಭೋರ್ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದದ್ದು 1948ರ ಮಾರ್ಚ್‌ನಲ್ಲಿ. ಅದೇ ವರ್ಷ ಜೂನ್ 1ರಂದು ಪುಣೆಯಿಂದ ಅಹಮದನಗರಕ್ಕೆ ರಾಜ್ಯ ಸಾರಿಗೆಯ ಮೊದಲ ಬಸ್ ಹೊರಟಿತು. ಊರಿದ್ದಲ್ಲಿ ರಸ್ತೆ, ರಸ್ತೆ ಇದ್ದಲ್ಲಿ ಎಸ್‌ಟಿ ಎಂಬುದು ಆ ಸಂಸ್ಥೆ ತಾನೇ ಕೊಟ್ಟುಕೊಂಡ ಮಾತು. ಆ ಮಾತಿನ ಬಲದ ಮೇಲೆಯೇ ಹಳ್ಳಿ ಮಾರ್ಗಗಳಲ್ಲಿ ಖಾಸಗಿ ಬಸ್ಸಿಗೆ ಅವಕಾಶವಿಲ್ಲದಂತೆ ಏಕಸ್ವಾಮ್ಯ ಉಳಿದುಕೊಂಡಿತು. ಬೇರೆಯವರು ಬರಬಾರದು ಎಂದ ಮೇಲೆ ತಾನು ಬರಲೇಬೇಕು. ಸರ್ಕಾರ ಇಲ್ಲಿಯೇ ಜಾರಿಕೊಳ್ಳುತ್ತಿದೆ. ಮಾರ್ಗ ಹಂಚುವಾಗ ಎಸ್‌ಟಿ ಸರ್ಕಾರದ್ದು, ನಷ್ಟದ ಲೆಕ್ಕ ಬಂದಾಗ ಅದು ಸ್ವತಂತ್ರ ನಿಗಮ. ಸಾಲದ್ದಕ್ಕೆ ಟಿಕೆಟ್ ಹಣದಲ್ಲಿ ಶೇ 17.5ರಷ್ಟು ಪ್ರಯಾಣಿಕ ತೆರಿಗೆ ಬೇರೆ. ವಿಮಾನದಲ್ಲಿ ಹೋಗುವವರಿಗಲ್ಲ, ಸಂತೆಗೆ ಕೋಳಿ ಒಯ್ಯುವ ಮುದುಕಿಗೆ ಈ ತೆರಿಗೆ!

2021ರ ಅಕ್ಟೋಬರ್ ಕೊನೆಯಲ್ಲಿ ಎಸ್‌ಟಿ ನೌಕರರು ಮುಷ್ಕರ ಹೂಡಿದಾಗ ಕೇಳಿದ್ದು ಇದನ್ನೇ: ನಿಗಮವನ್ನು ಸರ್ಕಾರದಲ್ಲಿ ವಿಲೀನ ಮಾಡಿ. ಸಂಬಳ ತಡವಾಗಿ, ಸಾಲದಲ್ಲಿ ಮುಳುಗಿ ಹಲವು ನೌಕರರು ಪ್ರಾಣ ಕಳೆದುಕೊಂಡಿದ್ದರು. ಈ ಬೇಡಿಕೆ ಪರಿಶೀಲಿಸಿದ ಮೂವರು ಸದಸ್ಯರ ಸಮಿತಿ ವಿಲೀನ ಸಾಧ್ಯವಿಲ್ಲ ಎಂದಿತು. ಬಾಂಬೆ ಹೈಕೋರ್ಟಿನ ಆದೇಶದಂತೆ 2022ರ ಏಪ್ರಿಲ್‌ನಲ್ಲಿ ನೌಕರರು ಕೆಲಸಕ್ಕೆ ಮರಳಿದರು. ಅಷ್ಟು ತಿಂಗಳು ಹಳ್ಳಿಗಳನ್ನು ಸಾಗಿಸಿದ್ದು ‘ವಡಾಪ್’, ಅಂದರೆ ಜನರನ್ನು ತುಂಬಿಕೊಂಡು ಹೊರಡುವ ಜೀಪು.

ವಡಾಪನ್ನೇ ಸಕ್ರಮಗೊಳಿಸಿ, ಎಸ್‌ಟಿ ಬಿಡಿ ಎನ್ನುವವರಿದ್ದಾರೆ. ಅವರ ವಾದದಲ್ಲಿ ಒಂದು ನಿಜವಿದೆ: ಬಸ್ ಬಾರದ ದಿನ ಆಸರೆಯಾಗುವುದು ಜೀಪೇ. ಆದರೆ ಸೀಟು ತುಂಬದೆ ಜೀಪು ಹೊರಡುವುದಿಲ್ಲ. ಶಾಲೆಗೆ ಹೋಗುವ ಹುಡುಗಿಯ ಉಚಿತ ಪಾಸು ಅಲ್ಲಿ ನಡೆಯುವುದಿಲ್ಲ. 2023ರ ಮಾರ್ಚ್‌ನಲ್ಲಿ ಹೆಂಗಸರಿಗೆ ಕೊಟ್ಟ ಅರ್ಧ ಟಿಕೆಟ್ಟೂ ನಡೆಯುವುದಿಲ್ಲ. ಕತ್ತಲಾದ ಮೇಲೆ ಘಟ್ಟದ ಹಳ್ಳಿಗೆ ಹೋಗಿ ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ಮಕ್ಕಳನ್ನು, ಹಾಲಿನ ಕ್ಯಾನುಗಳನ್ನು ಹೊತ್ತು ತರುವ ವಸತಿ ಬಸ್ಸಿನ ಕೆಲಸ ಲಾಭ ನೋಡುವವರಿಂದ ಆಗದು.

ವಿಲೀನ ಆಗದ ಮಾತು ಎನ್ನುವುದನ್ನು ಆಂಧ್ರಪ್ರದೇಶ ಸುಳ್ಳು ಮಾಡಿದೆ. 2020ರ ಜನವರಿ 1ರಿಂದ ಅಲ್ಲಿನ ಸಾರಿಗೆ ನೌಕರರು ಸರ್ಕಾರಿ ನೌಕರರು. ಮಹಾರಾಷ್ಟ್ರ ಹಿಡಿದದ್ದು ಬಾಡಿಗೆ ಬಸ್ಸಿನ ದಾರಿ. 1,310 ಬಸ್‌ಗಳನ್ನು ಬಾಡಿಗೆಗೆ ಪಡೆಯುವ ಟೆಂಡರಿನ ಮೇಲೆ ಆರೋಪ ಬಂದು, ಮುಖ್ಯಮಂತ್ರಿಯೇ ಅದನ್ನು ತಡೆಹಿಡಿಯಬೇಕಾಯಿತು. ಆ ಬೆನ್ನಿಗೇ, 2025ರ ಜನವರಿಯಲ್ಲಿ, ದರ ಶೇ 14.95 ಏರಿತು.

ಕರ್ನಾಟಕದವರು ಇದನ್ನು ಆಚೆ ರಾಜ್ಯದ ಗೊಡವೆ ಎಂದು ನೋಡಬಾರದು. ನಮ್ಮ ಸಾರಿಗೆ ನೌಕರರೂ 2020ರ ಡಿಸೆಂಬರ್‌ನಲ್ಲಿ ಇದೇ ಬೇಡಿಕೆ ಇಟ್ಟು ಬಸ್ ನಿಲ್ಲಿಸಿದ್ದರು. 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆ ಬಸ್ ಇರುವ ಊರಿನ ಹೆಣ್ಣುಮಕ್ಕಳಿಗೆ ದೊಡ್ಡ ವರ. ಬಸ್ಸಿಲ್ಲದ ಊರಿಗೆ ಅದು ಇನ್ನೂ ತಲುಪಿಲ್ಲ. ಪುಣೆ–ಹುಬ್ಬಳ್ಳಿ ವಂದೇ ಭಾರತ್‌ಗೆ ಹಸಿರು ಬಾವುಟ ತೋರಿಸಲು ಮುಂದೆ ನಿಂತ ಜನಪ್ರತಿನಿಧಿಗಳು ತಮ್ಮ ತಾಲ್ಲೂಕಿನ ಸಂಜೆ ಬಸ್ಸಿನ ಲೆಕ್ಕವನ್ನೂ ಕೊಡಲಿ.

ಮಹಾರಾಷ್ಟ್ರ ಸರ್ಕಾರ ಮೊದಲು ಆ ಶೇ 17.5ರ ತೆರಿಗೆ ಬಿಡಬೇಕು. ಹಾಗೆ ನಿಗಮಕ್ಕೆ ಉಳಿಯುವ ಹಣ ಭೋರ್‌ನಂಥ ಡಿಪೊಗಳ ವಸತಿ ಬಸ್ಸಿಗೆ ಹೋಗಬೇಕು. ಯಾವ ಹಳ್ಳಿಗೆ ದಿನಕ್ಕೆ ಎಷ್ಟು ಬಸ್ ಎಂಬುದನ್ನು ಬಜೆಟ್ಟಿನಲ್ಲೇ ಬರೆದು, ಅದರ ಖರ್ಚನ್ನು ಖಜಾನೆಯೇ ಹೊರಬೇಕು. ಬೆಳಗಾವಿ, ವಿಜಯಪುರದ ಗಡಿ ಹಳ್ಳಿಗಳವರೂ ತಮ್ಮ ಶಾಸಕರ ಮುಂದೆ ಇದೇ ಬೇಡಿಕೆ ಇಡಬೇಕು.