ಗಡ್ಡಿ ತೆರವಾಯಿತು, ಪ್ರವಾಸಿ ತೆರಳಲಿಲ್ಲ

ಹೊಸಪೇಟೆ: ತುಂಗಭದ್ರೆಯ ನಡುವಿನ ವಿರೂಪಾಪುರಗಡ್ಡಿಯಲ್ಲಿದ್ದ ರೆಸಾರ್ಟ್‌ಗಳು 2020ರ ಮಾರ್ಚ್ ಮೊದಲ ವಾರದಲ್ಲಿ ನೆಲಸಮವಾದವು. ಹಂಪಿಯ ರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಎದ್ದ ಕಟ್ಟಡಗಳನ್ನು ತೆರವುಗೊಳಿಸಬೇಕೆಂಬ ಹೈಕೋರ್ಟ್‌ನ 2015ರ ತೀರ್ಪನ್ನು ಸುಪ್ರೀಂ ಕೋರ್ಟ್ ಅದೇ ವರ್ಷದ ಫೆಬ್ರುವರಿ 11ರಂದು ಎತ್ತಿಹಿಡಿದಿತ್ತು. ಅಲ್ಲಿಗೆ ಕಾನೂನಿನ ವಿವಾದ ಮುಗಿಯಿತು. ಆದರೆ ಗಡ್ಡಿಯನ್ನು ಹುಡುಕಿಕೊಂಡು ಬರುತ್ತಿದ್ದ ಪ್ರವಾಸಿಗರು ಮುಂದೆ ಎಲ್ಲಿಗೆ ಹೋಗುವರು, ಏನು ಮಾಡುವರು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅದರ ಬೆಲೆ ಏನೆಂಬುದು 2025ರಲ್ಲಿ ತಿಳಿಯಿತು.

ಗಂಗಾವತಿ ತಾಲ್ಲೂಕಿಗೆ ಸೇರಿದ ಈ ಗಡ್ಡಿ ಬೇಸಿಗೆಯಲ್ಲಿ ದಂಡೆಗೆ ಅಂಟಿಕೊಂಡಂತೆ ಕಾಣುವ, ಹೊಳೆ ತುಂಬಿದಾಗ ನಿಜವಾದ ದ್ವೀಪವಾಗುವ ಭೂಭಾಗ. ಭತ್ತದ ಗದ್ದೆ, ತೆಂಗಿನ ಸಾಲು, ಸುತ್ತ ಗ್ರಾನೈಟ್ ಬಂಡೆಗಳ ರಾಶಿ. ಹಂಪಿಯ ವಿರೂಪಾಕ್ಷ ದೇಗುಲದ ಬಳಿಯ ಘಟ್ಟದಿಂದ ದೋಣಿಯಲ್ಲಿ ಕೆಲವೇ ನಿಮಿಷಗಳ ಹಾದಿ. ರಸ್ತೆಯಲ್ಲಿ ಹೋದರೆ ಹತ್ತಾರು ಕಿಲೋಮೀಟರ್ ಸುತ್ತು. ಗೋವಾ, ಗೋಕರ್ಣಗಳ ಕಡಲತೀರದಿಂದ ರಾತ್ರಿ ಬಸ್ಸಿನಲ್ಲಿ ಹೊಸಪೇಟೆಗೆ ಬಂದಿಳಿಯುತ್ತಿದ್ದ ವಿದೇಶಿ ಯುವಕರಿಗೆ ಇದು ‘ಹಿಪ್ಪಿ ಐಲ್ಯಾಂಡ್’ ಆಯಿತು. ಹೆಸರು ಊರಿನವರು ಇಟ್ಟದ್ದಲ್ಲ, ಊರಿನವರಿಗೆ ಅದು ಇಂದಿಗೂ ಬರೀ ಗಡ್ಡಿ.

ಇಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಸ್ಮಾರಕಗಳಿಗಾಗಿ ಬಂದವರಲ್ಲ ಎಂಬುದನ್ನು ಗಮನಿಸಬೇಕು. ಅವರಿಗೆ ಬೇಕಾದದ್ದು ಬಯಲು. ಹಗ್ಗವಿಲ್ಲದೆ ಗುಂಡುಗಳನ್ನು ಏರುವ ಬೌಲ್ಡರಿಂಗ್ ಕ್ರೀಡೆಗೆ ಬೇಕಾಗುವುದು ಬಿಗಿಯಾದ ಪಾದರಕ್ಷೆ, ಕೈಗೆ ಹಚ್ಚಿಕೊಳ್ಳುವ ಸೀಮೆಸುಣ್ಣದ ಪುಡಿ, ಬಿದ್ದರೆ ಆಧಾರಕ್ಕೊಂದು ದಪ್ಪ ಹಾಸು, ಅಷ್ಟೇ. ಅಮೆರಿಕದ ಆರೋಹಿ ಕ್ರಿಸ್ ಶರ್ಮಾ ಮತ್ತು ಸಂಗಡಿಗರು ಇಲ್ಲಿಯ ಬಂಡೆಗಳನ್ನೇರಿದ ‘ಪಿಲ್ಗ್ರಿಮೇಜ್’ ಚಿತ್ರ 2003ರಲ್ಲಿ ಬಂದ ಮೇಲೆ ಹಂಪಿಯ ಹೆಸರು ಜಗತ್ತಿನ ಆರೋಹಿಗಳ ಬಾಯಲ್ಲಿ ನೆಲೆಸಿತು. ಉಳಿದವರಿಗೆ ಬಾಡಿಗೆ ಸೈಕಲ್ಲು, ಸಾಣಾಪುರ ಕೆರೆಯಲ್ಲಿ ಈಜು, ಸಂಜೆ ಬಂಡೆಯ ನೆತ್ತಿಯಲ್ಲಿ ಸೂರ್ಯಾಸ್ತ, ಹರಿಗೋಲಿನ ಸವಾರಿ. ಈ ಹರಿಗೋಲಂತೂ ವಿಜಯನಗರ ಕಾಲದ್ದು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಯಾತ್ರಿಕ ಪೇಸ್, ಚರ್ಮ ಹೊದಿಸಿದ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಹದಿನೈದಿಪ್ಪತ್ತು ಮಂದಿ, ಅಗತ್ಯವಿದ್ದರೆ ಕುದುರೆ ಎತ್ತುಗಳೂ ಹೊಳೆ ದಾಟುತ್ತಿದ್ದುದನ್ನು ದಾಖಲಿಸಿದ್ದಾನೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಬಂದಿರುವುದು ಬಿಟ್ಟರೆ ಆಕಾರ ಬದಲಾಗಿಲ್ಲ.

ಇಂಥ ಪ್ರವಾಸಿ ದಿನಕ್ಕೆ ಮಾಡುವ ಖರ್ಚು ಕಡಿಮೆ, ಆದರೆ ತಂಗುವ ದಿನಗಳು ಹೆಚ್ಚು. ಹವಾನಿಯಂತ್ರಿತ ಬಸ್ಸಿನಲ್ಲಿ ಬಂದು ಕಲ್ಲಿನ ರಥದ ಮುಂದೆ ಛಾಯಾಚಿತ್ರ ತೆಗೆಸಿಕೊಂಡು ಮರುದಿನ ಹೊರಡುವವರಿಗೂ, ಒಂದೇ ಬಂಡೆಯನ್ನು ಏರಲು ವಾರಗಟ್ಟಲೆ ಉಳಿಯುವವರಿಗೂ ಇರುವ ವ್ಯತ್ಯಾಸ ಇದು. ಎರಡನೆಯವರ ಹಣ ಸಣ್ಣ ಸಣ್ಣ ಮೊತ್ತವಾಗಿ ಹರಿಗೋಲು ನಡೆಸುವವನ, ಸೈಕಲ್ ಬಾಡಿಗೆ ಕೊಡುವವನ, ಊಟ ಹಾಕುವ ಮನೆಯವರ ಕೈಗೆ ನೇರವಾಗಿ ಸೇರುತ್ತದೆ. ಸರ್ಕಾರದ ಪ್ರವಾಸೋದ್ಯಮ ಲೆಕ್ಕಾಚಾರದಲ್ಲಿ ಮಾತ್ರ ಈ ವರ್ಗ ಎಂದೂ ಗಣನೆಗೆ ಬಂದಿಲ್ಲ. ಬಂದದ್ದು ಕಾನೂನು ಮುರಿದಾಗ, ಇಲ್ಲವೇ ಪ್ರಾಣ ಹೋದಾಗ.

ತೆರವನ್ನು ತಪ್ಪೆನ್ನಲಾಗದು. 1988ರ ಅಧಿಸೂಚನೆ ಇತ್ತು. ಅಕ್ರಮ ಕಟ್ಟಡಗಳು, ಹೊಸ ಸೇತುವೆಗಳ ಕಾರಣದಿಂದ ಹಂಪಿ 1999ರಿಂದ 2006ರವರೆಗೆ ಯುನೆಸ್ಕೋದ ಅಪಾಯದ ಪಟ್ಟಿಯಲ್ಲಿದ್ದ ಕಹಿ ನೆನಪೂ ಇತ್ತು. ಗಡ್ಡಿಯೇ ಸುರಕ್ಷಿತವಾಗಿತ್ತೆಂದೂ ಅಲ್ಲ. 2019ರ ಆಗಸ್ಟ್ ಪ್ರವಾಹದಲ್ಲಿ ಅಲ್ಲಿ ಸಿಲುಕಿದ್ದ ಪ್ರವಾಸಿಗರನ್ನು ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯನ್ನು ಕರೆಸಿ ಪಾರುಮಾಡಬೇಕಾಯಿತು. ಆದರೂ ಪ್ರವಾಸಿಗರೆಲ್ಲ ಒಂದೇ ಕಡೆ ಇದ್ದರು, ಎಲ್ಲಿದ್ದಾರೆಂಬುದು ಆಡಳಿತಕ್ಕೆ ತಿಳಿದಿತ್ತು. ತೆರವಿನ ನಂತರ ಅವರು ಸಾಣಾಪುರ, ಹನುಮನಹಳ್ಳಿ, ಆನೆಗೊಂದಿ ಸುತ್ತಲಿನ ಹೋಂಸ್ಟೇಗಳಿಗೆ ಚದುರಿದರು. ಬಂಡೆ ಅವೇ, ನೀರು ಅದೇ. ಕಾಯುವ ಕಣ್ಣು ಮಾತ್ರ ಇನ್ನೂ ದೂರವಾಯಿತು.

2025ರ ಫೆಬ್ರುವರಿಯಲ್ಲಿ ಸಾಣಾಪುರದ ಬಳಿ ಬಂಡೆಯ ಮೇಲಿಂದ ನದಿಗೆ ಜಿಗಿದ ಪ್ರವಾಸಿ ಯುವತಿಯೊಬ್ಬರು ಸೆಳವಿಗೆ ಸಿಕ್ಕಿ ಮೃತಪಟ್ಟರು. ಮೂರು ವಾರ ಕಳೆಯುವ ಮೊದಲೇ, ಮಾರ್ಚ್ 6ರ ರಾತ್ರಿ, ಅದೇ ಊರಿನ ಸಮೀಪ ಕಾಲುವೆಯ ದಂಡೆಯಲ್ಲಿ ನಕ್ಷತ್ರ ನೋಡುತ್ತ ಕುಳಿತಿದ್ದ ಐವರ ಮೇಲೆ ದಾಳಿ ನಡೆಯಿತು. ವಿದೇಶಿ ಪ್ರವಾಸಿ ಮತ್ತು ಹೋಂಸ್ಟೇ ನಡೆಸುವ ಮಹಿಳೆಯ ಮೇಲೆ ಅತ್ಯಾಚಾರವೆಸಗಲಾಯಿತು. ಕಾಲುವೆಗೆ ತಳ್ಳಲ್ಪಟ್ಟ ಮೂವರಲ್ಲಿ ಒಬ್ಬ ಜೀವ ಕಳೆದುಕೊಂಡ. ಆರೋಪಿಗಳ ಬಂಧನವಾಯಿತು. ಜತೆಗೇ ಅನಧಿಕೃತ ಹೋಂಸ್ಟೇಗಳ ಪಟ್ಟಿ, ನೋಟಿಸು, ಎಚ್ಚರಿಕೆಗಳೂ ಶುರುವಾದವು. ಒಂದು ಅಪಘಾತ, ಇನ್ನೊಂದು ಘೋರ ಅಪರಾಧ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಎರಡೂ ನಡೆದದ್ದು ಪ್ರವಾಸಿಗರು ನಿತ್ಯ ಹೋಗುತ್ತಾರೆಂದು ಎಲ್ಲರಿಗೂ ಗೊತ್ತಿದ್ದ ಜಾಗಗಳಲ್ಲಿ.

ಕಾಯುವವರ ಕೊರತೆ ಇಲ್ಲಿಲ್ಲ, ಹಂಚಿಹೋಗಿದ್ದಾರೆ ಅಷ್ಟೇ. ಹೊಳೆಯ ಈ ದಂಡೆ ವಿಜಯನಗರ ಜಿಲ್ಲೆ, ಆ ದಂಡೆ ಕೊಪ್ಪಳ. ಸ್ಮಾರಕಗಳಿಗೆ ಪುರಾತತ್ವ ಇಲಾಖೆ, ಸುತ್ತಲಿನ ಭೂಬಳಕೆಗೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ, ಕಾಲುವೆಗೆ ನೀರಾವರಿ ಇಲಾಖೆ. ಜಲಾಶಯದಿಂದ ಕಂಪ್ಲಿ ಸೇತುವೆಯ ತನಕದ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಆಗಿರುವುದರಿಂದ ಅಲ್ಲಿ ಅರಣ್ಯ ಇಲಾಖೆಯ ಮಾತು ನಡೆಯುತ್ತದೆ. ನೀರುನಾಯಿಗೂ ಒಂದು ಇಲಾಖೆ ಇದೆ, ಈಜುವ ಮನುಷ್ಯನಿಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿ ನದಿಗೆ ಏಕಾಏಕಿ ನೀರು ನುಗ್ಗಿದ್ದನ್ನು ಮರೆಯುವಂತಿಲ್ಲ. ಅಂಥ ಹೊತ್ತಿನಲ್ಲಿ ದಂಡೆಯ ಹಳ್ಳಿಗರಿಗೆ ಹೊಳೆಯ ಗುಣ ಗೊತ್ತು. ನಿನ್ನೆ ಬಂದಿಳಿದವನಿಗೆ ಗೊತ್ತಿಲ್ಲ.

ಇದು ಹಂಪಿಯ ಆಸುಪಾಸಿಗೆ ಮಾತ್ರ ಸೀಮಿತವಾದ ಸಮಸ್ಯೆಯಾಗಿ ಉಳಿಯಲಾರದು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳದ್ದು ಶಾಸನಗಳು ‘ಕೋಗಳಿ-500’ ಎಂದು ಕರೆದ ಸೀಮೆ. ಹಂಪಿಯ ಒತ್ತಡವನ್ನು ಹಂಚಿಕೊಳ್ಳಬಲ್ಲ ಬಯಲು ಇಲ್ಲಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಗಿ, 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ನೂರು ಹೆಕ್ಟೇರಿಗೂ ತುಸು ಕಡಿಮೆ ಇರುವ ಈ ಊರ ಕೆರೆಯ ಜಾಲಿಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹರಪನಹಳ್ಳಿ ಕಡೆ ಉಚ್ಚಂಗಿದುರ್ಗದ ಕೋಟೆ, ಬಾಗಳಿಯ ಕಲ್ಲೇಶ್ವರ. ತುಂಗಭದ್ರೆಯ ಮೇಲ್ದಂಡೆಯಲ್ಲಿ ಹಡಗಲಿ ತಾಲ್ಲೂಕಿನ ಕುರುವತ್ತಿ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗಳು ಆರೋಹಿಗಳನ್ನು ಕರೆಯುವಂತಿವೆ. ಆದರೆ ಅದು 2013ರಿಂದ ಕರಡಿಧಾಮ. ಮುಸ್ಸಂಜೆಯಲ್ಲಿ ಅಲ್ಲಿ ಗುಂಡಿನ ಸಂದಿಯಿಂದ ಹೊರಬರುವುದು ಕರಡಿಯೇ. ಎಲ್ಲಿ ಏರಬಹುದು, ಎಲ್ಲಿ ಕೂಡದು ಎಂಬುದನ್ನು ಪ್ರವಾಸಿ ಬಂದ ಮೇಲೆ ತೀರ್ಮಾನಿಸಿದರೆ ಸಾಣಾಪುರದ ಕತೆಯೇ ಇಲ್ಲಿಯೂ ಮರುಕಳಿಸುತ್ತದೆ.

ಆಗಬೇಕಾದ ಕೆಲಸಗಳಿಗೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಈಜಬಹುದಾದ ಮಡು ಯಾವುದು, ಕೂಡದ್ದು ಯಾವುದು ಎಂದು ಗುರುತಿಸಿ ಕನ್ನಡ, ಇಂಗ್ಲಿಷ್, ಹಿಂದಿಯಲ್ಲಿ ಫಲಕ ಹಾಕಬೇಕು. ಹರಿಗೋಲಿನವರಿಗೆ ಪರವಾನಗಿಯ ಜತೆಗೆ ಲೈಫ್ ಜಾಕೆಟ್ ಕೊಡಬೇಕು. ಜಲಾಶಯದಿಂದ ನೀರು ಬಿಡುವ ಸೂಚನೆ ಪ್ರತಿ ಹೋಂಸ್ಟೇಗೂ ಅದೇ ಗಳಿಗೆಯಲ್ಲಿ ತಲುಪಬೇಕು. ಬಂಡೆ ಏರುವುದನ್ನು ಕಲಿಸಲು ರಾಜ್ಯದ್ದೇ ಆದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಆನೆಗೊಂದಿಯ, ಕೂಡ್ಲಿಗಿಯ ಹುಡುಗರನ್ನು ಅಲ್ಲಿ ತರಬೇತು ಮಾಡಿಸಿ ಮಾರ್ಗದರ್ಶಕರ ಗುರುತಿನ ಚೀಟಿ ಕೊಡುವುದು ಕಷ್ಟವಲ್ಲ. ಕಷ್ಟವಿರುವುದು ಎರಡು ಜಿಲ್ಲೆಗಳ ಅಧಿಕಾರಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸುವುದರಲ್ಲಿ. ಅಕ್ಟೋಬರ್ ಬಂತೆಂದರೆ ಬೆನ್ನಿಗೆ ಚೀಲ ಹೊತ್ತವರು ಹೊಸಪೇಟೆ ನಿಲ್ದಾಣದಲ್ಲಿ ಇಳಿಯತೊಡಗುತ್ತಾರೆ. ಆ ಸಭೆ ಅದಕ್ಕೆ ಮೊದಲು ನಡೆಯಬೇಕು.