ಕೆರೆಯ ತಳ ಕಂಡವರು ಯಾರು?

ಸ್ಕೂಬಾ ಡೈವಿಂಗ್ ಅಂದ ಕೂಡಲೇ ನಮ್ಮ ಬೆಂಗಳೂರಿನ ಮಂದಿಗೆ ನೆನಪಾಗೋದು ಮುರುಡೇಶ್ವರದ ಎದುರಿಗಿರೋ ನೇತ್ರಾಣಿ ದ್ವೀಪ. ಸಂಬಳ ಸ್ವಲ್ಪ ಜಾಸ್ತಿ ಬರೋರಿಗೆ ಅಂಡಮಾನ್. ಶುಕ್ರವಾರ ರಾತ್ರಿ ಬಸ್ಸು ಹತ್ತು, ಶನಿವಾರ ಮುಳುಗು, ಸೋಮವಾರ ಆಫೀಸಿನಲ್ಲಿ ಎಲ್ಲರಿಗೂ ಫೋಟೋ ತೋರಿಸು. ನಾನೂ ಆ ಸಾಲಿನಲ್ಲಿ ನಿಂತವನೇ, ಹಾಗಾಗಿ ಬೇರೆಯವರನ್ನ ನೋಡಿ ನಗೋ ಹಕ್ಕು ನನಗಿಲ್ಲ :-)

ಆದ್ರೆ ಈಚೆಗೆ ನಮ್ಮ ಗೆಳೆಯರ ಗುಂಪಿನಲ್ಲಿ ಇನ್ನೊಂದು ಮಾತು ಓಡಾಡ್ತಾ ಇದೆ. ಅಷ್ಟು ದೂರ ಯಾಕೆ ಸ್ವಾಮೀ, ಇಲ್ಲೇ ಹೊಸಕೋಟೆಯಲ್ಲೋ ದೇವನಹಳ್ಳಿಯಲ್ಲೋ ಒಂದು ಕೆರೆ ನೋಡಿ ಸ್ಕೂಬಾ ಶುರು ಮಾಡಬಾರದಾ? ಸಿಹಿನೀರು, ಅಲೆ ಇಲ್ಲ, ಉಪ್ಪಿಲ್ಲ, ಮಧ್ಯಾಹ್ನದ ಊಟಕ್ಕೆ ಮನೆಗೇ ಬರಬಹುದು... ಈ ವಾದ ಕೇಳೋಕೆ ಚೆನ್ನಾಗಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಕೆರೆಯಲ್ಲಿ ಬೇಡ. ಕಲ್ಲುಕ್ವಾರಿ ಹೊಂಡದಲ್ಲಿ ಆಗಬಹುದು. ಆದರೆ ಮೊದಲ ಸಿಲಿಂಡರ್ ನನ್ನಂಥ ವಾರಾಂತ್ಯದ ಗಿರಾಕಿಯ ಬೆನ್ನಿಗೆ ಹೋಗಬಾರದು.

ಕೆರೆ ಯಾಕೆ ಬೇಡ ಅಂದ್ರೆ, ಮೊದಲನೆಯದಾಗಿ ನಮ್ಮ ಕೆರೆಗಳು ಆಳಕ್ಕೆ ಅಂತ ಕಟ್ಟಿದವಲ್ಲ. ಇಳಿಜಾರಿಗೆ ಅಡ್ಡಲಾಗಿ ಒಂದು ಏರಿ, ಅದಕ್ಕೊಂದು ತೂಬು, ಹೆಚ್ಚಾದ ನೀರು ಹೋಗೋಕೆ ಕೋಡಿ. ತೂಬಿನ ಹತ್ತಿರ ಮಾತ್ರ ಒಂದಷ್ಟು ಆಳ, ಅಲ್ಲಿಂದ ಅಂಗಳದ ಕಡೆ ಹೋಗ್ತಾ ಹೋಗ್ತಾ ಮೊಣಕಾಲುದ್ದ. ಅದರ ಮೇಲೆ ತಲೆಮಾರುಗಳಿಂದ ಕೂತಿರೋ ಹೂಳು. ಕಾಲಿಗೆ ರಬ್ಬರ್ ರೆಕ್ಕೆ ಕಟ್ಟಿಕೊಂಡು ಒಂದು ಸಲ ಒದ್ದರೆ ಸಾಕು, ಮುಂದಿನ ಅರ್ಧ ಗಂಟೆ ನಿಮ್ಮ ಕೈ ನಿಮಗೇ ಕಾಣೋದಿಲ್ಲ. ಒಂದು ಕಾಲದಲ್ಲಿ ನೀರುಗಂಟಿ ಇದ್ದ. ಯಾವ ಗದ್ದೆಗೆ ಎಷ್ಟು ನೀರು ಅಂತ ಲೆಕ್ಕ ಇಟ್ಟವನು, ತೂಬಿನ ಹತ್ತಿರ ನೀರಿಗಿಳಿದವನು ಅವನೇ. ಅವನ ಕೆಲಸ ಹೋದ ಮೇಲೆ ಕೆರೆಯ ಒಳಗೆ ಏನಿದೆ ಅಂತ ನೋಡೋ ಜವಾಬ್ದಾರಿ ಯಾರದ್ದೂ ಅಲ್ಲ. ಈಗ ಕೆರೆ ಅಭಿವೃದ್ಧಿ ಅಂದ್ರೆ ಸುತ್ತ ನಡೆಯೋಕೆ ದಾರಿ, ಬೇಲಿ, ಸಿಮೆಂಟ್ ಬೆಂಚು, ಒಂದು ನಾಮಫಲಕ. ಎಲ್ಲವೂ ನೀರಿನ ಮೇಲೆ ಮತ್ತು ಹೊರಗೆ.

ಎರಡನೆಯದು ನೀರು. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯ ಎಷ್ಟೋ ಕೆರೆಗಳಿಗೆ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಹರಿಸಿದ್ದಾರೆ. ಒಣಗಿದ್ದ ಕೆರೆ ತುಂಬಿದ್ದು, ಬೋರ್‌ವೆಲ್‌ನಲ್ಲಿ ನೀರು ಬಂದಿದ್ದು ಒಳ್ಳೇದೇ, ಅದನ್ನ ರೈತರ ಮುಂದೆ ಬೇಡ ಅನ್ನೋ ಧೈರ್ಯ ನನಗಿಲ್ಲ. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಆ ಕಡೆಯವರು ಕೇಳ್ತಾ ಬಂದಿರೋದೂ ಅಷ್ಟೇ ನಿಜ. ಅಂಥ ನೀರಿನಲ್ಲಿ ಗೊಬ್ಬರದ ಅಂಶ ಜಾಸ್ತಿ, ಪಾಚಿ ಹಬ್ಬುತ್ತೆ, ಬಿಸಿಲಿಗೆ ಹಸಿರು ಪಾಯಸದ ಹಾಗೆ ಆಗುತ್ತೆ. ದೊಡ್ಡಬಳ್ಳಾಪುರದ ಹತ್ತಿರದ ದೊಡ್ಡತುಮಕೂರು ಕೆರೆಯ ಕಥೆ ಇನ್ನೂ ಕೆಟ್ಟದ್ದು. ನಗರದ ಚರಂಡಿ ಮತ್ತು ಕಾರ್ಖಾನೆಗಳ ನೀರು ಬಂದು ಸೇರ್ತಾ ಇದೆ ಅಂತ ಅಲ್ಲಿನ ಊರವರು ವರ್ಷಗಟ್ಟಲೆ ಹೋರಾಟ ಮಾಡಿದ್ದಾರೆ. ಅಂಥ ಕಡೆ ಬಾಯಿಗೆ ರೆಗ್ಯುಲೇಟರ್ ಕಚ್ಚಿಕೊಂಡು ಇಳಿಯೋದು ಸಾಹಸ ಅಲ್ಲ, ಕಾಯಿಲೆ. ನದಿಯಲ್ಲಿ ಮಾಡೋಣ ಅನ್ನೋರಿಗೆ ನನ್ನದೊಂದು ಸವಾಲು: ನೆಲಮಂಗಲದ ಕುಮುದ್ವತಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಪಾದ ಮುಳುಗಿಸಿ ತೋರಿಸಿ, ಆಮೇಲೆ ಮಾತಾಡೋಣ.

ಇನ್ನು ಕ್ವಾರಿಗಳು. ನಮ್ಮ ಜಿಲ್ಲೆ ಬಂಡೆಯ ನಾಡು. ದೇವನಹಳ್ಳಿ ತಾಲೂಕಿನ ಕೊಯಿರಾ ಕಲ್ಲು ಅಂದ್ರೆ ಶಿಲ್ಪಿಗಳಿಗೆ ಗೊತ್ತು. ವಿಗ್ರಹಕ್ಕೆ, ಜಲ್ಲಿಗೆ, ನಮ್ಮ ನಿಮ್ಮ ಮನೆಯ ಚಪ್ಪಡಿಗೆ ಅಂತ ಕಲ್ಲು ತೆಗೆದು ತೆಗೆದು ಬಿಟ್ಟುಹೋದ ಗುಂಡಿಗಳು ಎಷ್ಟೋ ಊರುಗಳ ಪಕ್ಕ ಇವೆ. ಮಳೆನೀರು, ಒರತೆ ನೀರು ತುಂಬಿ ಕೆಲವು ಕಡೆ ನೀಲಿಯಾಗಿ ಕಾಣ್ತವೆ. ಕಲ್ಲಿನ ತಳ, ಹೂಳು ಕಡಿಮೆ, ಆಳ ಚೆನ್ನಾಗಿದೆ. ಡೈವಿಂಗ್‌ಗೆ ಬೇಕಾದ್ದೆಲ್ಲ ಇದೇ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ಸ್ಟೋನಿ ಕೋವ್ ಅಂತ ಒಂದು ಜಾಗ ಇದೆ. ಅದೂ ಗ್ರಾನೈಟ್ ಕ್ವಾರಿಯೇ. 1958ರಲ್ಲಿ ಕಲ್ಲು ಒಡೆಯೋದು ನಿಂತು ನೀರು ತುಂಬಿತು, ಅರವತ್ತರ ದಶಕದಿಂದ ಅಲ್ಲಿ ಡೈವರ್‌ಗಳು ತಯಾರಾಗ್ತಾ ಇದ್ದಾರೆ. ಒಂದೊಂದು ಆಳದಲ್ಲಿ ಒಂದೊಂದು ಮೆಟ್ಟಿಲು, ಕೊನೆಗೆ ಸುಮಾರು 35 ಮೀಟರ್. ನೋಡೋಕೆ ಏನಾದ್ರೂ ಇರಲಿ ಅಂತ ಹಳೇ ದೋಣಿಯನ್ನೂ ಮುಳುಗಿಸಿಟ್ಟಿದ್ದಾರೆ. ನಮ್ಮಲ್ಲಿ ಬೆಳ್ಳಳ್ಳಿ, ಮಿಟ್ಟಗಾನಹಳ್ಳಿ ಕ್ವಾರಿಗಳಿಗೆ ಬೆಂಗಳೂರು ಪಾಲಿಕೆ ಏನು ಸುರಿಯಿತು ಅಂತ ನಾನು ಬಿಡಿಸಿ ಹೇಳಬೇಕಾ? ಕಸ ಸ್ವಾಮೀ, ಕಸ. ಗುಂಡಿ ಕಂಡ ಕೂಡಲೇ ತುಂಬಬೇಕು ಅನ್ನೋದೊಂದೇ ನಮಗೆ ಹೊಳೆಯೋದು.

ಹಾಗಂತ ನಾಳೆನೇ ಇಳಿಯೋ ಹಾಗಿಲ್ಲ. ಕ್ವಾರಿ ಹೊಂಡ ಕೆರೆಗಿಂತ ಅಪಾಯ. ಗೋಡೆ ನೆಟ್ಟಗೆ ಇರುತ್ತೆ, ಹತ್ತಿಬರೋಕೆ ಹಿಡಿತ ಸಿಗೋದಿಲ್ಲ, ಒಳಗೆ ಹಳೇ ಕಬ್ಬಿಣದ ಹಗ್ಗ, ಮುಳ್ಳುಗಿಡ ಇರಬಹುದು. ಕೆಲವು ಮೀಟರ್ ಕೆಳಗೆ ಹೋದ್ರೆ ನೀರು ತಟ್ಟನೆ ತಣ್ಣಗಾಗುತ್ತೆ. ಇನ್ನೊಂದು ವಿಷಯ ನೇತ್ರಾಣಿಯಲ್ಲಿ ಕಲಿತು ಬಂದವರಿಗೆ ಹೊಳೆಯೋದೇ ಇಲ್ಲ. ನಾವಿರೋದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಸಮುದ್ರತೀರದ ಹತ್ತರಲ್ಲಿ ಒಂಬತ್ತು ಪಾಲು ಮಾತ್ರ. ಡೈವಿಂಗ್ ಕೋಷ್ಟಕಗಳನ್ನ ಮಾಡಿರೋದು ಸಮುದ್ರಮಟ್ಟಕ್ಕೆ, 300 ಮೀಟರ್ ದಾಟಿದ್ರೆ ತಿದ್ದಿಕೊಳ್ಳಬೇಕು. ಇಲ್ಲಿ 18 ಮೀಟರ್ ಇಳಿದ್ರೆ ಲೆಕ್ಕದಲ್ಲಿ ಅದು ಸುಮಾರು 20 ಮೀಟರ್. ಮೇಲೆ ಬರೋವಾಗ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗೋ ಸಾಧ್ಯತೆ ಅಷ್ಟು ಹೆಚ್ಚು. (ಇದೇ ಕಾರಣಕ್ಕೆ ಮುರುಡೇಶ್ವರದಲ್ಲಿ ಮುಳುಗಿ ಅದೇ ಸಂಜೆ ಬಸ್ಸಿನಲ್ಲಿ ಘಟ್ಟ ಹತ್ತೋರನ್ನ ಕಂಡ್ರೆ ನನಗೆ ಭಯ. ಒಂದು ಡೈವ್ ಆದ ಮೇಲೆ ವಿಮಾನ ಹತ್ತೋಕೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ರೆ 18 ಗಂಟೆ ಕಾಯಬೇಕು ಅಂತಾರೆ. ಘಟ್ಟಕ್ಕೂ ಸ್ವಲ್ಪ ಮರ್ಯಾದೆ ಕೊಡಿ.) ಅಂದಹಾಗೆ ನಮ್ಮ ಪತ್ರಿಕೆಗಳು ಯಾವಾಗಲೂ "ಆಕ್ಸಿಜನ್ ಸಿಲಿಂಡರ್" ಅಂತ ಬರೀತವಲ್ಲ, ಅದರಲ್ಲಿರೋದು ಒತ್ತಿ ತುಂಬಿದ ಮಾಮೂಲಿ ಗಾಳಿ. ಬರೀ ಆಮ್ಲಜನಕ ಉಸಿರಾಡುತ್ತಾ 6 ಮೀಟರ್‌ಗಿಂತ ಕೆಳಗೆ ಹೋದ್ರೆ ಅದೇ ವಿಷವಾಗಿ ಫಿಟ್ಸ್ ಬರಬಹುದು.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ನಮ್ಮ ಕೆರೆ, ಕ್ವಾರಿಗಳ ತಳಕ್ಕೆ ಇವತ್ತೂ ಜನ ಇಳೀತಾ ಇದ್ದಾರೆ. ಮೋಜಿಗಲ್ಲ, ಹೆಣ ಎತ್ತೋಕೆ.

ಬೇಸಿಗೆ ರಜೆ ಬಂತು ಅಂದ್ರೆ ಪೇಪರಿನಲ್ಲಿ ಆ ಸುದ್ದಿ ಬರ್ತಾನೇ ಇರುತ್ತೆ. ಈಜೋಕೆ ಹೋದ ಹುಡುಗರು, ಅಜ್ಜಿ ಮನೆಗೆ ಬಂದ ಮಕ್ಕಳು. 2014ರಲ್ಲಿ ಕೃಷಿ ಭಾಗ್ಯ ಶುರುವಾದ ಮೇಲೆ ಹೊಲಗಳಲ್ಲಿ ಕೃಷಿ ಹೊಂಡಗಳೂ ಸೇರಿಕೊಂಡವು. ಪ್ಲಾಸ್ಟಿಕ್ ಹಾಳೆ ಹಾಸಿದ ಅದರ ಬದಿ ಪಾಚಿ ಕಟ್ಟಿದ್ರೆ ದೊಡ್ಡೋರೂ ಹತ್ತಿಬರೋದು ಕಷ್ಟ. ಇಂಥದ್ದು ಆದಾಗ ಅಗ್ನಿಶಾಮಕದವರು ಬರೋಕೆ ಮುಂಚೆ ಪೊಲೀಸರು ಕರೆಯೋದು ಊರಿನ ಒಬ್ಬ ಈಜುಗಾರನನ್ನ. ವಿಜಯಪುರದ ಕಡೆಯ ಅಂಥ ಒಬ್ಬರನ್ನ ನಾನು ಬಲ್ಲೆ. ಐವತ್ತು ದಾಟಿದೆ. ಅವರ ಹತ್ತಿರ ಇರೋ ಸಲಕರಣೆ ಅಂದ್ರೆ ಒಂದು ಚಡ್ಡಿ, ಒಂದು ಹಗ್ಗ, ಬಾವಿಗೆ ಬಿದ್ದ ಬಿಂದಿಗೆ ಎತ್ತೋ ಪಾತಾಳಗರಡಿ.

"ಒಳಗೆ ಏನಾದ್ರೂ ಕಾಣುತ್ತಾ ಅಣ್ಣಾ?" ಅಂತ ಕೇಳಿದ್ದೆ.

"ಏನ್ ಕಾಣ್ತದಪ್ಪಾ. ಕಣ್ ಬುಟ್ರೂ ಒಂದೇಯ, ಮುಚ್ಚುದ್ರೂ ಒಂದೇಯ. ಕೈಯೇ ಕಣ್ಣು."

ಮೂಗು ಹಿಡಿದು ಒಂದು ನಿಮಿಷ, ಮೇಲೆ ಬಂದು ಉಸಿರು, ಮತ್ತೆ ಒಂದು ನಿಮಿಷ. ಹೀಗೆ ಸಂಜೆವರೆಗೆ. ಕೊನೆಗೆ ಸಿಗೋದು ಹೆಣದ ಮನೆಯವರು ಕೈಗೆ ತುರುಕಿದ ಐನೂರೋ ಸಾವಿರವೋ, ಒಂದು ಊಟ, ಒಂದು ಕ್ವಾರ್ಟರ್. ವಿಮೆ ಅಂದ್ರೆ ನಕ್ಕುಬಿಟ್ರು.

ಇದು ಬರೀ ಒಂದು ಊರಿನ ಮಾತಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಹರಿಯೋ ಅರ್ಕಾವತಿ ಮುಂದೆ ತಿಪ್ಪಗೊಂಡನಹಳ್ಳಿ ಜಲಾಶಯ ಸೇರುತ್ತೆ. 2016ರ ನವೆಂಬರ್ 7ರಂದು ಅಲ್ಲಿ 'ಮಾಸ್ತಿಗುಡಿ' ಚಿತ್ರೀಕರಣದಲ್ಲಿ ಹೆಲಿಕಾಪ್ಟರಿನಿಂದ ಹಾರಿದ ಅನಿಲ್ ಮತ್ತು ಉದಯ್ ಮುಳುಗಿದರು, ಅವರನ್ನ ಹೊರತೆಗೆಯೋಕೆ ದಿನಗಟ್ಟಲೆ ಹುಡುಕಬೇಕಾಯಿತು. 2019ರಲ್ಲಿ ನೇತ್ರಾವತಿಯಲ್ಲಿ ಸಿದ್ಧಾರ್ಥ ಅವರ ದೇಹ ಕಂಡದ್ದು ಸ್ಥಳೀಯ ಮೀನುಗಾರರಿಗೆ. 2024ರಲ್ಲಿ ಶಿರೂರಿನ ಗುಡ್ಡ ಕುಸಿದಾಗ ಗಂಗಾವಳಿಯ ಸೆಳೆತದಲ್ಲಿ ನೌಕಾಪಡೆಯವರ ಜೊತೆ ಇಳಿದದ್ದು ಈಶ್ವರ್ ಮಲ್ಪೆ ಮತ್ತು ಅವರ ತಂಡ. ಅವರ ಹೆಸರಾದ್ರೂ ನಮಗೆ ಗೊತ್ತು. ತಾಲೂಕಿಗೊಬ್ಬರಂತೆ ಇರೋ ಉಳಿದವರ ಹೆಸರು ಪತ್ರಿಕೆಯಲ್ಲಿ "ಸ್ಥಳೀಯ ಮುಳುಗು ತಜ್ಞರು" ಅನ್ನೋ ಮೂರು ಪದದಲ್ಲಿ ಮುಗಿದುಹೋಗುತ್ತೆ.

ಅದಕ್ಕೇ ನಾನು ಹೇಳೋದು, ಜಿಲ್ಲೆಯಲ್ಲಿ ಒಂದೇ ಒಂದು ಒಳ್ಳೇ ಕ್ವಾರಿ ಹೊಂಡ ಆರಿಸಿ. ನೀರು ಪರೀಕ್ಷೆ ಮಾಡಿಸಿ, ತಂತಿ ಮುಳ್ಳು ತೆಗೆಸಿ, ಮೆಟ್ಟಿಲು ಕಟ್ಟಿಸಿ, ಬೇಲಿ ಹಾಕಿ ಕಾವಲಿಡಿ. ಶನಿವಾರ ಭಾನುವಾರ ನಾವು ಐಟಿ ಮಂದಿ ದುಡ್ಡು ಕೊಟ್ಟು ಕಲೀತೀವಿ, ಬೇಕಾದಷ್ಟು ಕೊಡೋರಿದ್ದಾರೆ. ಆ ದುಡ್ಡಿನಲ್ಲಿ ವಾರದ ದಿನ ಈ ಈಜುಗಾರರಿಗೆ ತರಬೇತಿ, ಮುಖವಾಡ, ಸಿಲಿಂಡರ್, ವಿಮೆ, ಕರೆದಾಗ ಬಂದದ್ದಕ್ಕೆ ಗೊತ್ತುಪಡಿಸಿದ ಕೂಲಿ. ಅವರಿಗೆ ನೀರು ಗೊತ್ತು, ಆದರೆ ಮಸಿಯಂಥ ನೀರಿನಲ್ಲಿ ಒಬ್ಬರೇ ಇಳಿಯಬಾರದು, ಹಗ್ಗದ ತುದಿ ದಡದಲ್ಲಿ ಇನ್ನೊಬ್ಬರ ಕೈಯಲ್ಲಿರಬೇಕು, ಸಿಲಿಂಡರ್ ಗಾಳಿ ಎಳೆದ ಮೇಲೆ ಮೇಲೇರೋವಾಗ ಉಸಿರು ಕಟ್ಟಬಾರದು, ಇದನ್ನೆಲ್ಲ ಯಾರಾದ್ರೂ ಕಲಿಸಬೇಕಲ್ಲ. ಉಸಿರು ಕಟ್ಟಿಯೇ ಬದುಕಿದವರಿಗೆ ಆ ಕೊನೇ ಪಾಠ ಎಲ್ಲಕ್ಕಿಂತ ಕಷ್ಟ, ಅದಕ್ಕೇ ಎಲ್ಲಕ್ಕಿಂತ ಮುಖ್ಯ.

"ನೀರಿನ ಹುಚ್ಚು ಹತ್ತಿಸಿದ್ರೆ ಸಾವು ಇನ್ನೂ ಜಾಸ್ತಿ ಆಗುತ್ತೆ" ಅಂತ ನನ್ನ ಗೆಳೆಯನ ತಕರಾರು. ಹುಚ್ಚು ಈಗಲೇ ಇದೆ ಮಾರಾಯಾ. ಮೇ ತಿಂಗಳ ಬಿಸಿಲಿಗೆ ಹದಿನಾಲ್ಕರ ಹುಡುಗನನ್ನ ನೀರಿನಿಂದ ದೂರ ಇಡೋ ಬೇಲಿಯನ್ನ ಯಾವ ಪಂಚಾಯಿತಿಯೂ ಕಟ್ಟಿಲ್ಲ. ಇಲ್ಲದಿರೋದು ಈಜು ಕಲಿಸೋ ಜಾಗ.

ಇನ್ನೊಂದು ಮಾತು. ವಿಜಯಪುರದ ಅಣ್ಣನಿಗೆ ಸಿಲಿಂಡರ್ ಬಗ್ಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಂಗಾರೆ ಜೀವಂತವಾಗಿ ತರಬೌದಾ?" ಆಗಲ್ಲ. ಕ್ವಾರಿಗೆ ಬಿದ್ದವನ ಹತ್ತಿರ ಇರೋದು ಕೆಲವೇ ನಿಮಿಷ, ನಾನು ಜಾಕೆಟ್ಟಿನ ಬೆಲ್ಟು ಬಿಗಿಯೋಷ್ಟರಲ್ಲಿ ಅದು ಮುಗಿದಿರುತ್ತೆ. ಜೀವಂತ ತರೋಕೆ ಬೇಕಾದ್ದು ದಡದಲ್ಲಿ ಒಂದು ಉದ್ದನೆ ಹಗ್ಗ, ಗಾಳಿ ತುಂಬಿದ ಒಂದು ಹಳೇ ಲಾರಿ ಟ್ಯೂಬು. ಇದಕ್ಕೆ ಇಂಗ್ಲೆಂಡೂ ಬೇಡ, ಟೆಂಡರೂ ಬೇಡ. ನಾನು ನೋಡಿದ ಯಾವ ಕ್ವಾರಿಯ ದಡದಲ್ಲೂ ಅದಿಲ್ಲ.

ನಿಮ್ಮ ಊರಿನ ಕಡೆ ನೀರಿಗೆ ಬಿದ್ದವರನ್ನ ಎತ್ತೋಕೆ ಯಾರನ್ನ ಕರೀತಾರೆ, ಅವರಿಗೆ ಏನು ಕೊಡ್ತಾರೆ? ಗೊತ್ತಿದ್ರೆ ಬರೀರಿ.