ನಡೆದವರು ಬರೆದ ನಕ್ಷೆ

ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಒಂದು ಮನೆಗೆ ದಾರಿ ಹೇಳುವುದು ಸುಲಭವಾದ ಕೆಲಸವಲ್ಲ. ಘಟ್ಟದ ಮೇಲಿನ ಸೀಮೆಯಲ್ಲಿ ಊರೆಂದರೆ ಮನೆಗೆ ಮನೆ ಹೊಂದಿಕೊಂಡ ಕೇರಿ. ಊರ ಬಾಗಿಲಲ್ಲಿ ವಿಚಾರಿಸಿದರೆ ಸಾಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಗ್ರಾಮಗಳಲ್ಲಿ ಹಾಗಲ್ಲ. ಒಂದೊಂದು ಮನೆಯೂ ತನ್ನ ಬೈಲಿನ ಅಂಚಿನಲ್ಲಿ, ತನ್ನ ತೋಟದ ಮರೆಯಲ್ಲಿ, ನೆರೆಮನೆಯ ಕೂಗಳತೆಗೂ ಆಚೆ ಇರುವುದು. "ಕಟ್ಟೆಯ ಹತ್ತಿರ ಬಸ್ಸಿನಿಂದ ಇಳಿಯಿರಿ, ಗುಡ್ಡೆ ಹತ್ತಿ ಓಣಿಯಲ್ಲಿ ಹೋಗಿರಿ, ಸಂಕ ದಾಟಿದ ಮೇಲೆ ಯಾರನ್ನಾದರೂ ಕೇಳಿರಿ" ಎನ್ನುವುದು ನಮ್ಮ ವಾಡಿಕೆ. ಈ ಕೊನೆಯ ಮಾತಿನ ಮೇಲೆಯೇ ಭಾರವೆಲ್ಲ. ಹಗಲಿನಲ್ಲಿ ಅದು ನಡೆದೀತು. ಆಟಿ ತಿಂಗಳ ರಾತ್ರಿಯಲ್ಲಿ, ಮಳೆ ಸುರಿಯುತ್ತಿರುವಾಗ, ರೋಗಿಯನ್ನು ಒಯ್ಯಲು ಬಂದ ಆಂಬುಲೆನ್ಸಿನವನು ಯಾರನ್ನು ಕೇಳತಕ್ಕದ್ದು?

ಇದಕ್ಕೆ ಉಪಾಯವೊಂದು ಈಗ ಒದಗಿದೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾದ ಜಿಪಿಎಸ್ ಯಂತ್ರವನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುವ ಉಪಗ್ರಹಗಳು ಹೊತ್ತನ್ನು ಸಾರುತ್ತಲೇ ಇರುವುವು. ಅವುಗಳಲ್ಲಿ ನಾಲ್ಕರ ಸಂಕೇತವಾದರೂ ದೊರೆತರೆ ಯಂತ್ರವು ತಾನಿರುವ ಅಕ್ಷಾಂಶ ರೇಖಾಂಶಗಳನ್ನು ಲೆಕ್ಕಹಾಕಿ ತೋರಿಸುವುದು. ಅಮೆರಿಕದ ಸರಕಾರವು ಸಾರ್ವಜನಿಕರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿದ್ದುದನ್ನು 2000ನೆಯ ಇಸವಿಯ ಮೇ ತಿಂಗಳಲ್ಲಿ ನಿಲ್ಲಿಸಿತು. ಅಂದಿನಿಂದ ಬಯಲಿನಲ್ಲಿ ನಿಂತರೆ ಕೆಲವೇ ಮೀಟರುಗಳ ವ್ಯತ್ಯಾಸದಲ್ಲಿ ಸ್ಥಳವು ತಿಳಿಯುತ್ತದೆ. ದಟ್ಟವಾದ ಕಾಡಿನಲ್ಲಿಯೂ ಆಳವಾದ ಕಣಿವೆಯಲ್ಲಿಯೂ ಅಷ್ಟು ನಿಖರತೆಯನ್ನು ಅಪೇಕ್ಷಿಸಬಾರದು. ಉಜ್ಜಯಿನಿಯ ರೇಖೆಯಿಂದ ದೇಶಾಂತರವನ್ನೆಣಿಸಿದ ನಮ್ಮ ಸಿದ್ಧಾಂತಕಾರರು ಇದನ್ನು ಕಂಡಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ!

ಆದರೆ ಸ್ಥಳ ತಿಳಿದ ಮಾತ್ರಕ್ಕೆ ದಾರಿ ತಿಳಿಯದು. ಅದಕ್ಕೆ ನಕ್ಷೆ ಬೇಕು. ನಮ್ಮ ನಾಡಿನ ನಕ್ಷೆಯನ್ನು ಬಹುಕಾಲ ಅನ್ಯರೇ ಬರೆದರು. ಬುಕಾನನ್ ಎಂಬ ವೈದ್ಯನು 1801ರಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮಾರ್ಗವಾಗಿಯೇ ಸಂಚರಿಸಿ, ತಾನು ಕಂಡುದನ್ನು ಕಂಪೆನಿಯ ಸರಕಾರಕ್ಕಾಗಿ ಬರೆದಿಟ್ಟನು. ಮರುವರ್ಷ ಮದರಾಸಿನಲ್ಲಿ ಅಳತೆಯನ್ನಾರಂಭಿಸಿದ ಲ್ಯಾಂಬ್ಟನ್ನನ ತ್ರಿಕೋಣಗಳು ಕ್ರಮೇಣ ಮಂಗಳೂರಿನ ಕಡಲನ್ನು ಮುಟ್ಟಿದುವು. ಆ ಅಳತೆಗಳ ಶ್ರಮವು ಸಾಮಾನ್ಯವಾದುದಲ್ಲ. ಆದರೂ ಅದು ಆಳುವವರ ಉಪಯೋಗಕ್ಕೆ. ಸ್ವತಂತ್ರ ಭಾರತದಲ್ಲಿಯೂ ವಿವರವಾದ ನಕ್ಷೆಗಳ ಮೇಲೆ ನಿರ್ಬಂಧಗಳು ಬಹಳವಿದ್ದುವು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಅವುಗಳನ್ನು ಬಹುಮಟ್ಟಿಗೆ ಸಡಿಲಿಸಿತು.

ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬಾತನು 2004ರಲ್ಲಿ ಆರಂಭಿಸಿದ 'ಓಪನ್‌ಸ್ಟ್ರೀಟ್‌ಮ್ಯಾಪ್' ಇದಕ್ಕಿಂತ ಬೇರೆಯ ರೀತಿಯದು. ಇದರಲ್ಲಿ ಬರೆಯುವವರೂ ಜನರೇ, ಬಳಸುವವರೂ ಜನರೇ, ಬೆಲೆಯಿಲ್ಲ. ಯಂತ್ರವನ್ನು ಹಿಡಿದು ನಡೆದರೆ ನಮ್ಮ ಹಾದಿಯು ಬಿಂದುಗಳ ಸಾಲಾಗಿ ಅದರಲ್ಲಿ ಉಳಿಯುವುದು. ಆ ಸಾಲಿನ ಆಧಾರದಿಂದ ಹಾದಿಯನ್ನು ನಕ್ಷೆಗೆ ಸೇರಿಸಬಹುದು. 2010ರ ಜನವರಿಯಲ್ಲಿ ಹೈತಿ ದೇಶದಲ್ಲಿ ಭೂಕಂಪವಾದಾಗ, ಅಲ್ಲಿಯ ರಾಜಧಾನಿಗೆ ಉಪಯುಕ್ತವಾದ ನಕ್ಷೆಯೇ ಇರಲಿಲ್ಲವಾಗಿ, ದೇಶವಿದೇಶಗಳ ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ಕೆಲವೇ ದಿನಗಳಲ್ಲಿ ಅದರ ಬೀದಿಗಳನ್ನೆಲ್ಲ ಬರೆದರು. ರಕ್ಷಣೆಗೆ ಹೋದವರು ಅದನ್ನೇ ತಮ್ಮ ಕೈಯಂತ್ರಗಳಲ್ಲಿ ತುಂಬಿಕೊಂಡರು.

ತುಂಬಿಕೊಳ್ಳುವ ಕ್ರಮವು ಕಠಿನವಲ್ಲ. ಗಾರ್ಮಿನ್ ಮೊದಲಾದ ಯಂತ್ರಗಳಿಗೆ ಒಪ್ಪುವ ರೂಪಕ್ಕೆ ಈ ನಕ್ಷೆಯನ್ನು ಮಾರ್ಪಡಿಸಿ ಧರ್ಮಾರ್ಥವಾಗಿ ಕೊಡುವವರಿದ್ದಾರೆ. ಬೇಕಾದ ಪ್ರದೇಶವನ್ನು ಆರಿಸಿ, ಗಣಕಯಂತ್ರಕ್ಕೆ ಇಳಿಸಿಕೊಂಡು, ಕೈಯಂತ್ರದ ಮೆಮೊರಿ ಕಾರ್ಡಿನಲ್ಲಿ ಅದಕ್ಕೆಂದೇ ಇರುವ ಕಡತದೊಳಗೆ ಇಟ್ಟರೆ ಸರಿ. ಇಂಥ ಯಂತ್ರವಿಲ್ಲದವರು ಮೊಬೈಲಿನಲ್ಲಿಯೇ ಓಸ್ಮ್‌ಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಎಂಬುವುಗಳ ಮೂಲಕ ಇದೇ ನಕ್ಷೆಯನ್ನು ಇರಿಸಿಕೊಳ್ಳಬಹುದು. ನಕ್ಷೆಯು ಒಳಗೇ ಇರುವುದರಿಂದ ನೆಟ್‌ವರ್ಕಿನ ಹಂಗಿಲ್ಲ. ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಟವರುಗಳು ಮೂಕವಾಗುವ ನಮ್ಮ ಊರುಗಳಲ್ಲಿ ಇದೇ ಮುಖ್ಯವಾದ ಗುಣ.

ಹೆಸರುಗಳ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಹೇಳುವುದಿದೆ. ಈ ನಕ್ಷೆಯಲ್ಲಿ ಒಂದೇ ಸ್ಥಳಕ್ಕೆ ಹಲವು ಭಾಷೆಗಳ ಹೆಸರನ್ನು ಬರೆಯಲು ಸ್ಥಾನವಿದೆ. ಮೂಡುಬಿದಿರೆ ತುಳುವರಿಗೆ ಬೆದ್ರ, ಸಂಸ್ಕೃತದಲ್ಲಿ ವೇಣುಪುರ, ಬೆಳ್ತಂಗಡಿ ಬೊಳ್ತೇರ್. ಇವೆಲ್ಲವನ್ನೂ ಉಳಿಸಬಹುದು. ಯಾರೂ ಬರೆಯದಿದ್ದರೆ ಇಂಗ್ಲಿಷ್ ಅಕ್ಷರಗಳ ಕುರುಡು ರೂಪವೊಂದೇ ಉಳಿಯುವುದು. ಅದನ್ನು ಓದಿದ ಪರಸ್ಥಳದವನು 'ಳ'ಕಾರವನ್ನು 'ಲ'ಕಾರ ಮಾಡಿ, ದೀರ್ಘವನ್ನು ನುಂಗಿ, ಊರಿನವರಿಗೇ ಅರ್ಥವಾಗದಂತೆ ಉಚ್ಚರಿಸುವನು. ಅನೇಕ ಕೈಯಂತ್ರಗಳಲ್ಲಿ ಕನ್ನಡ ಲಿಪಿಯೇ ಮೂಡುವುದಿಲ್ಲವೆಂಬುದು ದುಃಖದ ವಿಷಯ. ಆದುದರಿಂದ ಸದ್ಯಕ್ಕೆ ಎರಡು ಲಿಪಿಗಳಲ್ಲಿಯೂ ಬರೆಯುವುದು ಅವಶ್ಯಕ. ಮೊಬೈಲಿನಲ್ಲಿ ಕನ್ನಡವು ಚೆನ್ನಾಗಿಯೇ ಕಾಣುವುದು.

ಇನ್ನು, ಬರೆಯುವವನ ಹೊಣೆ. ಯಂತ್ರಕ್ಕೆ ವಿವೇಕವಿಲ್ಲ, ಗೆರೆ ಇದ್ದಲ್ಲಿ ದಾರಿಯೆನ್ನುವುದು. ಎರಡು ಅಡಕೆಮರಗಳನ್ನು ಅಡ್ಡಹಾಕಿದ ಕಾಲುಸಂಕವನ್ನು ಯಾರಾದರೂ ಉತ್ಸಾಹದಲ್ಲಿ ವಾಹನದ ರಸ್ತೆಯೆಂದು ಬರೆದರೆ, ರಾತ್ರಿಯಲ್ಲಿ ಬಂದ ಜೀಪು ಹೊಳೆಯ ಬಾಯಿಗೆ ಹೋಗಿ ನಿಲ್ಲುವುದು. ಕಾಲುದಾರಿಯನ್ನು ಕಾಲುದಾರಿಯೆಂದೇ, ಬೇಸಗೆಯಲ್ಲಿ ಮಾತ್ರ ದಾಟಬಹುದಾದ ಹೊಳೆಗಂಡಿಯನ್ನು ಹಾಗೆಂದೇ ಬರೆಯಲು ನಕ್ಷೆಯಲ್ಲಿ ಬೇರೆ ಬೇರೆ ಗುರುತುಗಳಿವೆ. ಅವುಗಳನ್ನು ಕಲಿಯದೆ ಕೈಹಾಕಬಾರದು. 2019ರ ಆಗಸ್ಟಿನ ನೆರೆಯಲ್ಲಿ ಬೆಳ್ತಂಗಡಿ ತಾಲೂಕಿನ ಗ್ರಾಮಗಳಿಗಾದ ಹಾನಿಯನ್ನು ಮರೆತವರಿಲ್ಲ. ಚಾರ್ಮಾಡಿ ಘಟ್ಟದ ಹೆದ್ದಾರಿಯೇ ಕುಸಿದು ಸಂಚಾರ ನಿಂತಿತು. ಅಂಥ ದಿನ ಹಳೆಯ ನಕ್ಷೆಯನ್ನು ನಂಬಿ ಹೊರಟವನ ಗತಿಯೇನು? ಯಂತ್ರದೊಳಗಿನ ನಕ್ಷೆಯು ತಾನಾಗಿ ಹೊಸದಾಗುವುದಿಲ್ಲ. ಆಗಾಗ ಹೊಸ ಪ್ರತಿಯನ್ನು ತುಂಬಬೇಕು.

ಬೇರೆ ಕಂಪೆನಿಗಳ ನಕ್ಷೆಗಳನ್ನು ನೋಡಿ ನಕಲುಮಾಡುವುದು ನಿಷಿದ್ಧ, ಅದು ಪರಸ್ವಾಪಹರಣವೇ. ಮನೆಯಲ್ಲಿ ವಾಸಿಸುವವರ ಹೆಸರನ್ನೂ ಬರೆಯಕೂಡದು. ನಾಲ್ವರೂ ಬಲ್ಲ ಗುತ್ತಿನ ಮನೆಯ ಹೆಸರಿಗೆ ಅಡ್ಡಿಯಿಲ್ಲ. ಕುಟುಂಬಕ್ಕೆ ಸೇರಿದ ನಾಗಬನ, ದೈವಸ್ಥಾನಗಳನ್ನು ಗುರುತಿಸುವ ಮುನ್ನ ಮನೆಯ ಹಿರಿಯರನ್ನು ಕೇಳುವುದು ಮರ್ಯಾದೆ. ಘಟ್ಟದ ಕಾಡುಗಳಲ್ಲಿ ನಕ್ಷೆಯು ದಾರಿ ತೋರಿಸಿತೆಂದ ಮಾತ್ರಕ್ಕೆ ಪ್ರವೇಶಕ್ಕೆ ಅನುಮತಿ ದೊರೆತಂತಲ್ಲ. ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಬೇಕು.

ನಕ್ಷೆ ಬರೆಯುವ ಗೊಡವೆ ಬೇಡವೆನ್ನುವ ಗೃಹಸ್ಥರೂ ಒಂದು ಕೆಲಸ ಮಾಡಬಹುದು. ಅಂಗಳದಲ್ಲಿ ನಿಂತು ಮನೆಯ ಅಕ್ಷಾಂಶ ರೇಖಾಂಶಗಳನ್ನು ನೋಡಿ ಬರೆದಿಡಿರಿ. ಮೂಡುಬಿದಿರೆ ಪೇಟೆಯು ಸುಮಾರು 13.07 ಉತ್ತರ, 75 ಪೂರ್ವದಲ್ಲಿದೆಯೆಂದರೆ ಊರು ತಿಳಿಯಿತೇ ಹೊರತು ಮನೆ ತಿಳಿಯಲಿಲ್ಲ. ಬಿಂದುವಿನ ಮುಂದೆ ನಾಲ್ಕು ಅಂಕೆಗಳಿದ್ದರೆ ಸುಮಾರು 11 ಮೀಟರು, ಐದಿದ್ದರೆ ಸುಮಾರು ಒಂದು ಮೀಟರಿನಷ್ಟು ಸೂಕ್ಷ್ಮವಾಗುವುದು, ಐದನ್ನೂ ಬರೆಯಿರಿ. ವಾಹನವು ಬಂದು ನಿಲ್ಲಬಲ್ಲ ಸ್ಥಳವು ಮನೆಯಿಂದ ದೂರವಿದ್ದರೆ ಅದರ ಅಂಕೆಗಳನ್ನೂ ಬೇರೆಯಾಗಿ ಗುರುತಿಸಬೇಕು. 108ಕ್ಕೆ ಕರೆಮಾಡುವಾಗ ಬೇಕಾಗುವುದು ಅದೇ. ಈ ಚೀಟಿಯನ್ನು ದೊಡ್ಡ ಅಕ್ಷರಗಳಲ್ಲಿ ಬರೆದು, ಕನ್ನಡಕವಿಲ್ಲದೆಯೂ ಓದುವಂತೆ, ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿರಿ. ಮಳೆಗಾಲ ಕಳೆದು ಸಂಕವನ್ನು ಹೊಸದಾಗಿ ಹಾಕುವ ವೇಳೆಗೆ, ಮನೆಯ ಹುಡುಗರೊಡನೆ ರಸ್ತೆಯವರೆಗೆ ನಡೆದು, ಬರೆದುದು ಸರಿಯಿದೆಯೇ ಎಂದು ಮತ್ತೊಮ್ಮೆ ನೋಡತಕ್ಕದ್ದು.